ಮೀನೂಟದ ಹೋಟೆಲಿಗೊಂದು ವೆಬ್‌ಸೈಟ್: ಮೊಬೈಲಿಗೂ ಕಂಪ್ಯೂಟರಿಗೂ ಒದಗುವಂತೆ ಕಟ್ಟುವ ಬಗೆ

ಮಂಗಳೂರು, ಮಲ್ಪೆ, ಕುಂದಾಪುರದ ಕಡೆ ಮೀನೂಟಕ್ಕೆ ಹೆಸರಾದ ಹೋಟೆಲುಗಳಲ್ಲಿ ಹಲವಕ್ಕೆ ಈಗ ಸ್ವಂತ ವೆಬ್‌ಸೈಟ್ ಇದೆ. ಶಿರಾಡಿ ಘಾಟಿ ಇಳಿದು ಮಧ್ಯಾಹ್ನದ ಊಟದ ಹೊತ್ತಿಗೆ ಊರು ಮುಟ್ಟುವ ಕುಟುಂಬವೊಂದು ಕಾರಿನಲ್ಲೇ ಕುಳಿತು ಅಂಥದೊಂದನ್ನು ತೆರೆದರೆ ಮೊದಲು ಕಾಣಿಸುವುದು ಒಂದರ ಹಿಂದೊಂದು ಜಾರುವ ದೊಡ್ಡ ಚಿತ್ರಗಳು, ಅವುಗಳ ಕೆಳಗೆ ಹೋಟೆಲಿನ ಧ್ಯೇಯೋದ್ದೇಶ, ಅದರ ಕೆಳಗೆ ಮಾಲೀಕರ ಭಾವಚಿತ್ರ. ಹೋಟೆಲ್ ಈಗ ತೆರೆದಿದೆಯೇ, ಮೂರು ಗಂಟೆಗೆ ತಲುಪಿದರೂ ಊಟ ಸಿಗುತ್ತದೆಯೇ, ಇವತ್ತು ಅಂಜಲ್ ಮೀನು ಇದೆಯೇ, ಮೀನೂಟಕ್ಕೆ ಎಷ್ಟಾಗುತ್ತದೆ, ಕಾರು ನಿಲ್ಲಿಸಲು ಜಾಗವಿದೆಯೇ ಎಂಬ ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಕಾಣದೆ ಅವರು ಪುಟ ಮುಚ್ಚಿ ಬೇರೆ ಹೋಟೆಲ್ ಹುಡುಕುತ್ತಾರೆ. ಹೋಟೆಲಿನ ವೆಬ್‌ಸೈಟಿನಲ್ಲಿ ಬರೆದದ್ದು ಆ ಹೊತ್ತಿಗೆ ನಿಜವಾಗಿರಬೇಕು ಮತ್ತು ಕೇಳಿದವರಿಗೆ ತಡವಿಲ್ಲದೆ ಸಿಗಬೇಕು. ಅಂದಚೆಂದದ ಮಾತು ಅದರ ನಂತರದ್ದು. ಇಲ್ಲಿ ಹೇಳುವ ಕ್ರಮವೆಲ್ಲ ಈ ಒಂದು ನಿಲುವಿನ ಮೇಲೆ ನಿಂತಿದೆ. ಉದಾಹರಣೆಗೆ ಕರಾವಳಿಯ ಮೀನಿನ ಹೋಟೆಲನ್ನೇ ಇಟ್ಟುಕೊಂಡಿದ್ದೇನೆ, ಏಕೆಂದರೆ ದಿನದಿನಕ್ಕೂ ಬದಲಾಗುವ ಮೆನು ಇರುವಲ್ಲಿ ಸೈಟಿನ ಗಟ್ಟಿತನ ಬೇಗ ಪರೀಕ್ಷೆಗೆ ಒಳಗಾಗುತ್ತದೆ.

ಯಾರು ಬರುತ್ತಾರೆ, ಯಾತಕ್ಕೆ ಬರುತ್ತಾರೆ

ಮೊಬೈಲಿನಲ್ಲಿ ಬರುವವರು ಮತ್ತು ಕಂಪ್ಯೂಟರಿನಲ್ಲಿ ಬರುವವರು ಬೇರೆಬೇರೆ ಅಳತೆಯ ಪರದೆ ಹಿಡಿದ ಒಂದೇ ಜನ ಎಂದು ತಿಳಿಯುವುದರಿಂದಲೇ ಅರ್ಧ ತೊಂದರೆ ಹುಟ್ಟುತ್ತದೆ. ಮೊಬೈಲಿನವರು ಹಸಿದಿರುತ್ತಾರೆ, ದಾರಿಯಲ್ಲಿರುತ್ತಾರೆ, ಒಂದು ಕೈಯಲ್ಲಿ ಫೋನ್ ಹಿಡಿದು ಬಿಸಿಲಲ್ಲಿ ನಿಂತಿರುತ್ತಾರೆ. ಅವರಿಗೆ ಸಮಯ, ದಾರಿ, ಫೋನ್, ಇವತ್ತಿನ ಮೀನು ಇಷ್ಟು ಸಾಕು. ಕಂಪ್ಯೂಟರಿನ ಮುಂದೆ ಕುಳಿತವರಿಗೆ ಹೆಚ್ಚಾಗಿ ಆ ಹೊತ್ತಿನ ಹಸಿವಿನ ಅವಸರ ಇರುವುದಿಲ್ಲ. ಕಚೇರಿಯ ನಲವತ್ತು ಮಂದಿಗೆ ಊಟ ಹೇಳಬೇಕಾದ ಆಡಳಿತ ವಿಭಾಗದವರು, ದುಬೈಯಲ್ಲಿ ಕುಳಿತು ಊರಿನ ನಿಶ್ಚಿತಾರ್ಥಕ್ಕೆ ಹಾಲ್ ಹುಡುಕುವ ಅಣ್ಣ, ಬೆಂಗಳೂರಿನಿಂದ ಬರುವ ತಂಡಕ್ಕೆ ಎರಡು ದಿನದ ಊಟ ತಿಂಡಿ ಹೊಂದಿಸುವ ಪ್ರವಾಸದ ಏಜೆಂಟ್ ಇಂಥವರು ಅಲ್ಲಿ ಇರುತ್ತಾರೆ. ಅವರಿಗೆ ಪೂರ್ತಿ ಮೆನು, ಸಮಾರಂಭದ ಹಾಲ್‌ನಲ್ಲಿರುವ ಆಸನಗಳ ಲೆಕ್ಕ, ಮುಂಗಡದ ನಿಯಮ, ಜಿಎಸ್‌ಟಿ ಬಿಲ್ಲಿನ ವಿವರ ಬೇಕು.

ಆದರೂ ಎರಡು ಸೈಟ್ ಕಟ್ಟುವ ಅಗತ್ಯವಿಲ್ಲ. ಪರದೆಯ ಅಗಲಕ್ಕೆ ತಕ್ಕಂತೆ ತನ್ನನ್ನು ತಾನೇ ಹೊಂದಿಸಿಕೊಳ್ಳುವ ಒಂದೇ ಪುಟ ಸಾಕು; 2010ರಲ್ಲಿ ಈಥನ್ ಮಾರ್ಕಾಟ್ ಅದಕ್ಕೆ ರೆಸ್ಪಾನ್ಸಿವ್ ವಿನ್ಯಾಸ ಎಂಬ ಹೆಸರು ಕೊಟ್ಟ ಮೇಲೆ ಅದೇ ರೂಢಿಯಾಗಿದೆ. ಇನ್ನೊಂದು ಕಾರಣವೂ ಇದೆ. ಗೂಗಲ್ 2016ರಲ್ಲಿ ಪ್ರಕಟಿಸಿ 2023ರಲ್ಲಿ ಮುಗಿಸಿದ ಬದಲಾವಣೆಯ ಪ್ರಕಾರ ಅದು ಹುಡುಕಾಟಕ್ಕೆ ಓದುವುದು ಪುಟದ ಮೊಬೈಲ್ ರೂಪವನ್ನೇ. ಕಂಪ್ಯೂಟರಿನಲ್ಲಿ ಮಾತ್ರ ತೋರಿಸಿ ಮೊಬೈಲಿನಲ್ಲಿ ಕೈಬಿಟ್ಟ ವಿಷಯ ಹುಡುಕಾಟಕ್ಕೆ ಸಿಗದೆ ಹೋಗಬಹುದು. ಆದ್ದರಿಂದ ಎಲ್ಲ ವಿಷಯವೂ ಎರಡು ಕಡೆಯೂ ಇರಲಿ, ಅದರ ಕ್ರಮ ಮಾತ್ರ ಬದಲಾಗಲಿ.

ಹೆಸರು ಮತ್ತು ಕೀಲಿಕೈ ನಿಮ್ಮ ಬಳಿ ಇರಲಿ

ಕೆಲಸ ಆರಂಭವಾಗುವ ಮೊದಲೇ ಡೊಮೇನ್ ಹೆಸರನ್ನು, ಅಂದರೆ ಸೈಟಿನ ವಿಳಾಸವನ್ನು, ಹೋಟೆಲಿನ ಮಾಲೀಕರ ಹೆಸರಿನಲ್ಲಿ, ಮಾಲೀಕರ ಇಮೇಲ್ ಮತ್ತು ಫೋನ್ ಕೊಟ್ಟು ನೋಂದಾಯಿಸಬೇಕು. ಸೈಟ್ ಮಾಡಿಕೊಡುವವರ ಖಾತೆಯಲ್ಲಿ ಅದು ಇದ್ದರೆ, ಅವರು ಊರು ಬಿಟ್ಟ ದಿನ ಅಥವಾ ವ್ಯವಹಾರ ಮುರಿದ ದಿನ ನಿಮ್ಮ ಬೋರ್ಡಿನ ಮೇಲೂ ಬಿಲ್ಲಿನ ಮೇಲೂ ಅಚ್ಚಾದ ವಿಳಾಸ ನಿಮ್ಮ ಕೈಯಲ್ಲಿ ಇರುವುದಿಲ್ಲ. ಸೈಟಿನ ಕಡತಗಳನ್ನು ಇಡುವ ಹೋಸ್ಟಿಂಗ್ ಖಾತೆ ಮತ್ತು ಗೂಗಲ್ ಹುಡುಕಾಟದಲ್ಲೂ ನಕ್ಷೆಯಲ್ಲೂ ಹೋಟೆಲಿನ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ವಿಷಯದಲ್ಲೂ ಇದೇ ಎಚ್ಚರ ಬೇಕು. ಡೊಮೇನ್ ನವೀಕರಣ ತಾನಾಗಿಯೇ ಆಗುವಂತೆ ಹೊಂದಿಸಿ, ಅದರ ನೆನಪೋಲೆ ಬರುವ ಇಮೇಲನ್ನು ಯಾರಾದರೂ ನಿತ್ಯ ನೋಡುವಂತೆ ಮಾಡಿ. ಸೈಟಿಗೆ, ಮಾಹಿತಿಯನ್ನು ಗೂಢಲಿಪಿಯಲ್ಲಿ ಸಾಗಿಸುವ ಎಚ್‌ಟಿಟಿಪಿಎಸ್ ವ್ಯವಸ್ಥೆ ಇರಲೇಬೇಕು. ಅದಿಲ್ಲದ ಪುಟವನ್ನು ಕ್ರೋಮ್ 2018ರಿಂದ ಸುರಕ್ಷಿತವಲ್ಲ ಎಂದು ತೋರಿಸುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಸಂಸ್ಥೆಗಳು ಅದರ ಪ್ರಮಾಣಪತ್ರವನ್ನು ಉಚಿತವಾಗಿಯೇ ಕೊಡುತ್ತವೆ.

ಯಾವ ಸಾಧನದಿಂದ ಕಟ್ಟಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಸರಳವಾದದ್ದು: ಗಲ್ಲಾದಲ್ಲಿ ಕುಳಿತವರು ತಮ್ಮ ಫೋನಿನಿಂದಲೇ, ಯಾರನ್ನೂ ಕೇಳದೆ, ಒಂದೆರಡು ನಿಮಿಷದಲ್ಲಿ ಬೆಲೆ ಬದಲಿಸಲು ಆಗಬೇಕು. ಇದು ಸಾಧ್ಯವಾದರೆ ವರ್ಡ್‌ಪ್ರೆಸ್ ಎಂಬ ಸೈಟ್ ನಿರ್ವಹಣೆಯ ತಂತ್ರಾಂಶ ಆದರೂ ಸರಿ, ಸಿದ್ಧ ಸೈಟ್ ಬಿಲ್ಡರ್ ಆದರೂ ಸರಿ, ಗೂಗಲ್ ಶೀಟಿನಿಂದ ಬೆಲೆ ಓದಿಕೊಳ್ಳುವ ಸರಳ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಪುಟವಾದರೂ ಸರಿ. ಇದು ಸಾಧ್ಯವಾಗದಿದ್ದರೆ ಎಷ್ಟು ದುಬಾರಿ ಸೈಟ್ ಆದರೂ ಕೆಲವೇ ತಿಂಗಳಲ್ಲಿ ಹಳೆಯ ಬೆಲೆಗಳ ಪಟ್ಟಿಯಾಗಿ ಉಳಿಯುತ್ತದೆ. ವರ್ಡ್‌ಪ್ರೆಸ್ ಆರಿಸಿಕೊಂಡರೆ ಹಗುರವಾದ ಥೀಮ್ (ಸಿದ್ಧ ವಿನ್ಯಾಸ) ಬಳಸಿ, ಪ್ಲಗಿನ್‌ಗಳನ್ನು (ಹೆಚ್ಚುವರಿ ಸೌಲಭ್ಯ ಸೇರಿಸುವ ತುಣುಕುಗಳನ್ನು) ಬೆರಳೆಣಿಕೆಯಷ್ಟಕ್ಕೆ ಮಿತಿಗೊಳಿಸಿ, ಇರುವವನ್ನು ತಪ್ಪದೆ ಅಪ್‌ಡೇಟ್ ಮಾಡಬೇಕು.

ಮೊಬೈಲಿನ ಮೊದಲ ಪರದೆ

ಪುಟ ತೆರೆದ ಕೂಡಲೇ, ಬೆರಳಿನಿಂದ ಮೇಲೆ ಸರಿಸುವ ಮೊದಲೇ ಕಾಣುವ ಜಾಗ ಬಹಳ ಬೆಲೆಯುಳ್ಳದ್ದು. ಅಲ್ಲಿ ಹೋಟೆಲಿನ ಹೆಸರು, ಊರಿನ ಯಾವ ಭಾಗದಲ್ಲಿದೆ ಎಂಬ ಒಂದು ಸಾಲು, ಇವತ್ತಿನ ಸಮಯ, ಒಂದು ಒಳ್ಳೆಯ ಚಿತ್ರ, ಅದರ ಕೆಳಗೆ ಕರೆ ಮಾಡಿ, ದಾರಿ ತೋರಿಸಿ, ಮೆನು ಎಂಬ ಮೂರು ಗುಂಡಿಗಳು ಇರಲಿ. ಸಮಯವನ್ನು ಬರೆಯುವಾಗ ಮಧ್ಯಾಹ್ನ 12ರಿಂದ 3.30, ರಾತ್ರಿ 7ರಿಂದ 10.30 ಎಂದು ಎರಡು ಹೊತ್ತನ್ನೂ ಬೇರೆಬೇರೆ ಬರೆಯಬೇಕು. ಸಂಜೆ ಐದಕ್ಕೆ ಬಂದು ಮುಚ್ಚಿದ ಬಾಗಿಲು ನೋಡಿ ಹೋದ ಗಿರಾಕಿ ಮತ್ತೆ ಬರುವುದು ಕಷ್ಟ. ವಾರದ ರಜೆ ಇದ್ದರೆ ಅದನ್ನೂ ಅಲ್ಲೇ ಹೇಳಿ.

ಗುಂಡಿಗಳು ಹೆಬ್ಬೆರಳಿಗೆ ಸುಲಭವಾಗಿ ಸಿಗುವಷ್ಟು ದೊಡ್ಡದಾಗಿರಬೇಕು. 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2 ಎಂಬ, ಅಂಗವಿಕಲರೂ ಸೇರಿ ಎಲ್ಲರಿಗೂ ಸೈಟ್ ಬಳಸಲು ಆಗಬೇಕೆಂಬ ಮಾನದಂಡವು ಮುಟ್ಟುವ ಜಾಗಕ್ಕೆ ಕನಿಷ್ಠ 24 ಪಿಕ್ಸೆಲ್ ಅಳತೆ ಹೇಳುತ್ತದೆ. ಹೋಟೆಲಿನ ಸೈಟಿನಲ್ಲಿ ಅದಕ್ಕಿಂತ ಉದಾರವಾಗಿ 44ರಿಂದ 48 ಪಿಕ್ಸೆಲ್ ಕೊಡುವುದು ಒಳ್ಳೆಯದು. ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಕನಿಷ್ಠ 4.5:1 ವ್ಯತ್ಯಾಸ ಇರಬೇಕೆಂದೂ ಅದೇ ಮಾನದಂಡ ಹೇಳುತ್ತದೆ. ಮೀನಿನ ಚಿತ್ರದ ಮೇಲೆ ತೆಳು ಬಿಳಿ ಅಕ್ಷರ ಕೂರಿಸಿದರೆ ಹೋಟೆಲಿನ ಒಳಗೆ ಚೆಂದ ಕಂಡರೂ ಕರಾವಳಿಯ ಬಿಸಿಲಲ್ಲಿ ಏನೂ ಓದಲಾಗದು. ಫೋನ್ ಸಂಖ್ಯೆಯ ಕೊಂಡಿಯನ್ನು +91ರಿಂದ ಆರಂಭಿಸಬೇಕು. ಸ್ಥಿರ ದೂರವಾಣಿಯಾದರೆ 0824 ಎಂದು ಬರೆಯುವ ಬದಲು +91 824 ಎಂದು ಕೊಟ್ಟರೆ ಗಲ್ಫ್‌ನಿಂದ ಮುಟ್ಟಿದವರಿಗೂ ಕರೆ ಸೇರುತ್ತದೆ. ಪುಟದ ತಲೆಭಾಗದಲ್ಲಿ ಪುಟದ ಅಗಲವನ್ನು ಪರದೆಗೆ ಹೊಂದಿಸುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಎಂಬ ಕೋಡಿನ ಸಾಲು ಇದೆಯೇ ಎಂದು ಹಳೆಯ ಸೈಟ್ ಸುಧಾರಿಸುವವರು ಮೊದಲು ನೋಡಲಿ. ಅದಿಲ್ಲದಿದ್ದರೆ ಫೋನ್ ಇಡೀ ಪುಟವನ್ನು ಕಂಪ್ಯೂಟರ್ ಅಗಲಕ್ಕೆ ಬಿಡಿಸಿ, ಇರುವೆಯಷ್ಟು ಅಕ್ಷರಗಳಲ್ಲಿ ತೋರಿಸುತ್ತದೆ.

ಮೆನು: ಇಲ್ಲಿಯೇ ಹೆಚ್ಚಿನ ಶ್ರಮ ಬೇಕು

ಮುದ್ರಣಾಲಯದವರು ಕೊಟ್ಟ ಮೆನು ಕಾರ್ಡಿನ ಪಿಡಿಎಫ್ ಅನ್ನೇ ಸೈಟಿಗೆ ಏರಿಸುವುದು ಎಲ್ಲ ಕಡೆ ಕಾಣುವ ಅಭ್ಯಾಸ. ಎ4 ಹಾಳೆಗೆ ಮಾಡಿದ ಪುಟವನ್ನು ಐದಾರು ಇಂಚಿನ ಪರದೆಯಲ್ಲಿ ಹಿಗ್ಗಿಸಿ, ಎಡಕ್ಕೆ ಬಲಕ್ಕೆ ಎಳೆದಾಡಿ ಓದಬೇಕಾಗುತ್ತದೆ. ಹೆಸರು ಕಂಡರೆ ಬೆಲೆ ಕಾಣುವುದಿಲ್ಲ, ಬೆಲೆ ಕಂಡರೆ ಹೆಸರು ಕಾಣುವುದಿಲ್ಲ. ಮೆನು ಕಾರ್ಡಿನ ಫೋಟೋ ಹಾಕಿದರೆ ದೃಷ್ಟಿ ಇಲ್ಲದವರಿಗೆ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರಿಗೆ ಅದರಲ್ಲಿ ಒಂದಕ್ಷರವೂ ಸಿಗುವುದಿಲ್ಲ. ಮೆನುವನ್ನು ಪಠ್ಯವಾಗಿಯೇ ಪುಟದಲ್ಲಿ ಬರೆಯಬೇಕು. ಊಟ, ತವಾ ಫ್ರೈ, ರವಾ ಫ್ರೈ, ಪುಳಿಮುಂಚಿ, ಸುಕ್ಕ, ರೊಟ್ಟಿ ದೋಸೆ ಎಂದು ವಿಭಾಗ ಮಾಡಿ, ಪ್ರತಿ ಸಾಲಿನಲ್ಲಿ ಹೆಸರು ಎಡಕ್ಕೆ, ಬೆಲೆ ಬಲಕ್ಕೆ, ಬೇಕಿದ್ದರೆ ಕೆಳಗೆ ಒಂದು ಚಿಕ್ಕ ವಿವರಣೆ ಕೊಟ್ಟರೆ ಸಾಕು. ಮೊಬೈಲಿನಲ್ಲಿ ವಿಭಾಗಗಳ ಹೆಸರನ್ನು ಮೇಲೆ ಅಂಟಿಕೊಂಡು ನಿಲ್ಲುವ ಪಟ್ಟಿಯಾಗಿ ಇಟ್ಟರೆ ಉದ್ದ ಮೆನುವಿನಲ್ಲೂ ಬೇಕಾದ ಕಡೆ ಹೋಗುವುದು ಸುಲಭ.

ಮೀನಿನ ಹೋಟೆಲಿನ ದೊಡ್ಡ ತೊಡಕು ಬೆಲೆ. ಅಂಜಲ್, ಮಾಂಜಿ, ಕಾಣೆ ಇವುಗಳ ದರ ಗಾತ್ರವನ್ನೂ ಆ ದಿನ ದಕ್ಕೆಗೆ (ಮೀನುಗಾರಿಕಾ ಬಂದರಿಗೆ) ಬಂದ ಮೀನನ್ನೂ ಅವಲಂಬಿಸಿರುತ್ತದೆ. ಹಾಗೆಂದು ಗಾತ್ರಕ್ಕೆ ತಕ್ಕಂತೆ ಎಂದಷ್ಟೇ ಬರೆದು ಸುಮ್ಮನಾಗುವುದು ಹೊಸ ಗಿರಾಕಿಗೆ ಅಂಜಿಕೆ ಹುಟ್ಟಿಸುತ್ತದೆ. ಕಡಿಮೆಯೆಂದರೆ ಇಷ್ಟು, ಹೆಚ್ಚೆಂದರೆ ಇಷ್ಟು ಎಂಬ ಅಂತರವನ್ನು ಬರೆದು, ಮೀನನ್ನು ನಿಮಗೆ ತೋರಿಸಿ ದರ ಹೇಳಿದ ಮೇಲೆಯೇ ಕಾಯಿಸುತ್ತೇವೆ ಎಂಬ ಒಂದು ವಾಕ್ಯ ಸೇರಿಸಿ. ಬಂಗುಡೆ, ಬೂತಾಯಿ, ಮೀನೂಟ, ಕೋರಿ ರೊಟ್ಟಿ, ನೀರುದೋಸೆಗೆ ನಿಗದಿತ ಬೆಲೆ ಹಾಕಲು ಯಾವ ಅಡ್ಡಿಯೂ ಇಲ್ಲ. ಬೆಲೆಯಲ್ಲಿ ಜಿಎಸ್‌ಟಿ ಸೇರಿದೆಯೇ ಇಲ್ಲವೇ ಎಂಬುದು ಮೆನುವಿನ ಮೇಲ್ಭಾಗದಲ್ಲೇ ಇರಲಿ. ಸೇವಾ ಶುಲ್ಕವನ್ನು ಬಿಲ್ಲಿಗೆ ತಾನಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿರುವುದರಿಂದ, ಅದು ಕಡ್ಡಾಯ ಎಂಬ ಅರ್ಥದ ಸಾಲು ಹಳೆಯ ಸೈಟಿನಲ್ಲಿ ಉಳಿದಿದ್ದರೆ ತೆಗೆದುಹಾಕಿ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್ಎಸ್ಎಸ್ಎಐ ಕೊಡುವ ಪರವಾನಗಿಯ 14 ಅಂಕಿಯ ಸಂಖ್ಯೆಯನ್ನು ಪುಟದ ಅಡಿಯಲ್ಲಿ ಹಾಕಿ.

ಇವತ್ತಿನ ಮೀನು ಎಂಬ ಚಿಕ್ಕ ಪಟ್ಟಿಯೊಂದನ್ನು ಮೆನುವಿನ ತಲೆಯ ಮೇಲೆ ಇಡಿ. ಬೆಳಿಗ್ಗೆ ಮೀನು ತಂದವರು ಹನ್ನೊಂದು ಗಂಟೆಯೊಳಗೆ ಇರುವ ನಾಲ್ಕೈದು ಹೆಸರು ಹಾಕಿದರೆ ಸಾಕು. ಪಟ್ಟಿಯ ಪಕ್ಕದಲ್ಲಿ ದಿನಾಂಕ ತಾನಾಗಿಯೇ ಬರಲಿ. ದಿನ ಕಳೆದ ಮೇಲೂ ಯಾರೂ ಬದಲಿಸದಿದ್ದರೆ ಪಟ್ಟಿ ತಾನಾಗಿಯೇ ಮರೆಯಾಗುವಂತೆ ಮಾಡಿಸಿ. ನಿನ್ನೆಯ ಪಟ್ಟಿ ತೋರಿಸುವುದಕ್ಕಿಂತ ಪಟ್ಟಿಯೇ ಇಲ್ಲದಿರುವುದು ಮೇಲು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ಎರಡು ತಿಂಗಳು ಮೆನುವೂ ಬೆಲೆಯೂ ಬೇರೆಯಾಗುತ್ತವೆ. ಮಳೆಗಾಲದ ಮೆನುವನ್ನು ಮೇ ತಿಂಗಳಲ್ಲೇ ಸಿದ್ಧಮಾಡಿಟ್ಟು, ನಾಡದೋಣಿಯ ಮೀನು, ಹೊಳೆಮೀನು, ಕೋಳಿ ಇವುಗಳಲ್ಲಿ ಏನೇನು ಸಿಗುತ್ತದೆ ಎಂಬುದನ್ನು ನೇರವಾಗಿ ಬರೆದರೆ ಗಿರಾಕಿಗಳು ಅದನ್ನು ಮೆಚ್ಚುತ್ತಾರೆ.

ಮೀನಿನ ಹೆಸರನ್ನು ಹುಡುಕುವವರು ಒಂದೇ ಹೆಸರಿನಿಂದ ಹುಡುಕುವುದಿಲ್ಲ. ಅಂಜಲ್ ಎಂದು ನಾವು ಹೇಳುವುದನ್ನು ಮುಂಬಯಿಯಿಂದ ಬಂದವರು ಸುರ್ಮೈ ಎಂದೂ ಇಂಗ್ಲಿಷ್ ಮೆನು ಓದಿದವರು ಕಿಂಗ್‌ಫಿಶ್ ಎಂದೂ ಕೇಳುತ್ತಾರೆ. ನಮ್ಮ ಬೂತಾಯಿ ಉತ್ತರ ಕನ್ನಡದಲ್ಲಿ ತಾರ್ಲೆ. ವಿವರಣೆಯ ಸಾಲಿನಲ್ಲಿ ಈ ಹೆಸರುಗಳನ್ನೂ ಬರೆದರೆ ಓದುವವರಿಗೂ ಹುಡುಕಾಟಕ್ಕೂ ಅನುಕೂಲ.

ಕನ್ನಡ ಅಕ್ಷರಗಳ ವಿಷಯ

2024ರ ಕಾನೂನು ತಿದ್ದುಪಡಿಯ ನಂತರ ಅಂಗಡಿ ಹೋಟೆಲುಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು. ಅದು ವೆಬ್‌ಸೈಟಿಗೆ ಅನ್ವಯಿಸುವ ನಿಯಮವಲ್ಲ. ಆದರೂ ನಿಮ್ಮ ಊರಿನ ಗಿರಾಕಿ ತನ್ನ ಭಾಷೆಯಲ್ಲಿ ಮೆನು ಓದುವಂತಾಗಬೇಕು ಎಂದು ನಾನು ಮನಸಾರೆ ಬಯಸುತ್ತೇನೆ. ಕನ್ನಡ ಮತ್ತು ಇಂಗ್ಲಿಷ್ ಪುಟಗಳಿಗೆ ಬೇರೆಬೇರೆ ವಿಳಾಸ ಕೊಟ್ಟು, ಒಂದರಿಂದ ಇನ್ನೊಂದಕ್ಕೆ ಹೋಗುವ ಕೊಂಡಿಯನ್ನು ಮೇಲ್ಭಾಗದಲ್ಲೇ ಇಡಿ. ಪುಟದ ಭಾಷೆ ಯಾವುದೆಂದು ಎಚ್‌ಟಿಎಂಎಲ್‌ನಲ್ಲಿ ನಮೂದಿಸಿದರೆ ಸ್ಕ್ರೀನ್ ರೀಡರ್ ಸರಿಯಾದ ಉಚ್ಚಾರಣೆಯಲ್ಲಿ ಓದುತ್ತದೆ. ಯಂತ್ರಾನುವಾದದ ಪ್ಲಗಿನ್ ಹಾಕಿ ಕೈತೊಳೆದುಕೊಳ್ಳಬೇಡಿ, ಖಾದ್ಯಗಳ ಹೆಸರನ್ನು ಅದು ವಿಚಿತ್ರವಾಗಿ ಬದಲಿಸಿಬಿಡುತ್ತದೆ.

ಮೆನು ಕಾರ್ಡನ್ನು ಡಿಟಿಪಿಯವರು ಸಾಮಾನ್ಯವಾಗಿ ನುಡಿ ಅಥವಾ ಶ್ರೀಲಿಪಿ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಸಾಧನಗಳೂ ಒಪ್ಪುವ ಅಕ್ಷರ ಸಂಕೇತ) ಅಲ್ಲದ ಅಕ್ಷರಗಳಲ್ಲಿ ಮಾಡಿರುತ್ತಾರೆ. ಅದನ್ನು ನಕಲು ಮಾಡಿ ಸೈಟಿಗೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಬರುತ್ತದೆ. ಯೂನಿಕೋಡ್ ಪರಿವರ್ತಕದಿಂದ ಬದಲಿಸಿಕೊಂಡ ಮೇಲೂ ಅರ್ಕಾವತ್ತು, ಒತ್ತಕ್ಷರ, ದೀರ್ಘ ಇರುವ ಪದಗಳನ್ನು ಒಂದೊಂದಾಗಿ ಓದಿ ನೋಡಬೇಕು. ಪಾರ್ಸೆಲ್, ಫ್ರೈ, ಮೀನೂಟದಂಥ ಪದಗಳಲ್ಲಿ ತಪ್ಪು ಉಳಿಯುವುದು ಹೆಚ್ಚು. ಮೆನು ಚಿಕ್ಕದಿದ್ದರೆ ಹೊಸದಾಗಿ ಟೈಪ್ ಮಾಡುವುದೇ ಬೇಗ ಮುಗಿಯುವ ಕೆಲಸ.

ಇಂಗ್ಲಿಷಿಗೆ ಮಾಡಿದ ಥೀಮ್‌ಗಳಲ್ಲಿ ಸಾಲುಗಳ ನಡುವಿನ ಅಂತರ ಕನ್ನಡಕ್ಕೆ ಸಾಲದು. ಸುಕ್ಕ, ರೊಟ್ಟಿ, ಫ್ರೈ ಇವುಗಳ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.6ರಿಂದ 1.8 ಪಟ್ಟಿನವರೆಗೆ ಏರಿಸಿ, ಅಕ್ಷರಗಳ ನಡುವಿನ ಹೆಚ್ಚುವರಿ ಅಂತರವನ್ನು ಸೊನ್ನೆಗೆ ಇಳಿಸಿ. ಫಾಂಟ್ ವಿಷಯದಲ್ಲಿ ಆಂಡ್ರಾಯ್ಡ್ ಫೋನುಗಳಲ್ಲೂ ವಿಂಡೋಸ್‌ನಲ್ಲೂ ಐಫೋನಿನಲ್ಲೂ ಓದಲು ಚೆನ್ನಾದ ಕನ್ನಡ ಅಕ್ಷರಗಳು ಮೊದಲೇ ಇರುವುದರಿಂದ ಮೈಪಠ್ಯಕ್ಕೆ ಅವನ್ನೇ ಬಳಸಬಹುದು. ತಲೆಬರಹಕ್ಕೆ ಮಾತ್ರ ಬಾಲೂ ತಮ್ಮ 2, ಅನೇಕ್ ಕನ್ನಡದಂಥ ಒಂದು ಫಾಂಟ್ ಸೇರಿಸಿದರೆ ಪುಟ ಭಾರವಾಗದು.

ಚಿತ್ರ ಮತ್ತು ವೇಗ

ಘಾಟಿಯಲ್ಲಿ ನೆಟ್‌ವರ್ಕ್ ಬಂದುಹೋಗುತ್ತಿರುವಾಗಲೂ ಪುಟ ತೆರೆಯಬೇಕು. ಫೋನಿನಲ್ಲಿ ತೆಗೆದ ಫೋಟೋ ನಾಲ್ಕೈದು ಎಂ.ಬಿ. ಇರುತ್ತದೆ, ಅದನ್ನು ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ತಂದು, ಸುಮಾರು 800 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ನೂರು ಕೆ.ಬಿ. ಆಸುಪಾಸಿಗೆ ಬರುತ್ತದೆ. ಕಂಪ್ಯೂಟರಿಗೆ ದೊಡ್ಡ ಪ್ರತಿ, ಮೊಬೈಲಿಗೆ ಸಣ್ಣ ಪ್ರತಿ ಹೋಗುವಂತೆ ಎರಡು ಮೂರು ಅಳತೆಗಳನ್ನು ಇಡಿ. ಪ್ರತಿ ಚಿತ್ರದ ಅಗಲ ಎತ್ತರವನ್ನು ಎಚ್‌ಟಿಎಂಎಲ್‌ನಲ್ಲಿ ಬರೆದರೆ ಚಿತ್ರ ಬಂದಾಗ ಪುಟ ಹಾರುವುದಿಲ್ಲ. ಹಾಗೆ ಹಾರಿದಾಗಲೇ ಮೆನು ಒತ್ತಲು ಹೋದ ಬೆರಳು ಬೇರೆ ಗುಂಡಿಯ ಮೇಲೆ ಬೀಳುವುದು. ಕೆಳಗಿನ ಚಿತ್ರಗಳು ಬೇಕಾದಾಗ ಮಾತ್ರ ಬರಲಿ, ಮೊದಲ ಚಿತ್ರಕ್ಕೆ ಆ ತಡೆ ಹಾಕಬೇಡಿ. ಜಾರುಚಿತ್ರ, ತಾನಾಗಿ ಓಡುವ ವಿಡಿಯೋ, ಹಿನ್ನೆಲೆ ಸಂಗೀತ ಇವನ್ನು ತೆಗೆಯಿರಿ. ಗೂಗಲ್ ನಕ್ಷೆಯನ್ನು ಪುಟದೊಳಗೆ ಕೂರಿಸುವ ಬದಲು ಒಂದು ಕೊಂಡಿ ಕೊಟ್ಟರೆ ಮೊಬೈಲಿನವರಿಗೆ ನಕ್ಷೆಯ ಆಪ್ ನೇರವಾಗಿ ತೆರೆಯುತ್ತದೆ.

ಗೂಗಲ್ ಕೊಡುವ ಅಳತೆಗೋಲು ಹೀಗಿದೆ: ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಮುಟ್ಟಿದ್ದಕ್ಕೆ ಪ್ರತಿಕ್ರಿಯೆ 200 ಮಿಲಿಸೆಕೆಂಡಿನೊಳಗೆ ಬರಬೇಕು, ಪುಟ ಅಲುಗಾಡುವ ಅಳತೆ 0.1 ದಾಟಬಾರದು. ನಾಲ್ಕು ಭೇಟಿಗಳಲ್ಲಿ ಮೂರಕ್ಕಾದರೂ ಇದು ನಿಜವಾಗಿರಬೇಕು. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ವೇಗ ಪರೀಕ್ಷೆಯ ಸಾಧನದಲ್ಲಿ ನಿಮ್ಮ ವಿಳಾಸ ಕೊಟ್ಟು ಮೊಬೈಲ್ ವಿಭಾಗವನ್ನು ಮೊದಲು ನೋಡಿ.

ಚಿತ್ರಗಳು ನಿಮ್ಮ ಅಡುಗೆಮನೆಯವೇ ಆಗಿರಲಿ. ಕಿಟಕಿಯ ಬೆಳಕಿನಲ್ಲಿ, ಬಾಳೆಲೆಯ ಮೇಲೆ ನೀವು ನಿಜಕ್ಕೂ ಬಡಿಸುವ ಅಳತೆಯಲ್ಲೇ ತೆಗೆದ ಹತ್ತು ಫೋಟೋ, ಕೊಂಡುತಂದ ನೂರು ಚಿತ್ರಗಳಿಗಿಂತ ಹೆಚ್ಚು ಕೆಲಸ ಮಾಡುತ್ತವೆ.

ಕಂಪ್ಯೂಟರ್ ಪರದೆಗೆ ಹೊಂದಿಸುವಾಗ

ಅಗಲ ಪರದೆ ಸಿಕ್ಕಿತೆಂದು ಸಾಲುಗಳನ್ನು ಈ ತುದಿಯಿಂದ ಆ ತುದಿಗೆ ಎಳೆಯಬಾರದು, ಹೆಸರಿಗೂ ಬೆಲೆಗೂ ನಡುವೆ ಒಂದಡಿ ಖಾಲಿ ಉಳಿದರೆ ಕಣ್ಣು ತಪ್ಪುತ್ತದೆ. ಮೆನುವನ್ನು ಎರಡು ಕಾಲಂ ಮಾಡಿ, ಎಡಬದಿಯಲ್ಲಿ ವಿಭಾಗಗಳ ಪಟ್ಟಿ ನಿಲ್ಲಿಸಿ. ಕಂಪ್ಯೂಟರಿನಿಂದ ಒಂದೇ ಒತ್ತಿಗೆ ಕರೆ ಹೋಗುವುದು ಅಪರೂಪ, ಆದ್ದರಿಂದ ಫೋನ್ ಸಂಖ್ಯೆ ಗುಂಡಿಯ ಹಿಂದೆ ಅಡಗದೆ ಅಂಕಿಗಳಲ್ಲೇ ಕಾಣಬೇಕು. ಸಮಾರಂಭದ ಹಾಲ್‌ನ ಪುಟದಲ್ಲಿ ಎಷ್ಟು ಜನ ಕೂರಬಹುದು, ಎ.ಸಿ. ಇದೆಯೇ, ಲಿಫ್ಟ್ ಅಥವಾ ರ‍್ಯಾಂಪ್ ಇದೆಯೇ, ಶಾಕಾಹಾರಿಗಳಿಗೆ ಬೇರೆ ಪಾತ್ರೆ ಬಳಸುತ್ತೀರಾ, ಮುಂಗಡ ಎಷ್ಟು, ರದ್ದುಮಾಡಿದರೆ ಏನು ಎಂಬುದೆಲ್ಲ ಬರಲಿ. ಮುದ್ರಣಕ್ಕೆಂದೇ ಒಂದು ಸಿಎಸ್ಎಸ್ (ಪುಟದ ರೂಪ ನಿರ್ಧರಿಸುವ ಕೋಡ್) ವಿನ್ಯಾಸ ಬರೆದಿಟ್ಟರೆ ಕಚೇರಿಯವರು ಅದೇ ಮೆನು ಪುಟವನ್ನು ಚಿತ್ರವಿಲ್ಲದೆ ಅಚ್ಚುಕಟ್ಟಾಗಿ ಪ್ರಿಂಟ್ ತೆಗೆದು ಮೇಲಧಿಕಾರಿಗಳಿಗೆ ತೋರಿಸಬಹುದು. ಪಿಡಿಎಫ್ ಬೇಕೆನ್ನುವವರ ಅಗತ್ಯವೂ ಅದರಿಂದಲೇ ತೀರುತ್ತದೆ. ಮೌಸ್ ತಂದಾಗ ಮಾತ್ರ ತೆರೆಯುವ ಉಪಪಟ್ಟಿಗಳನ್ನು ಬಳಸಬೇಡಿ, ಮುಟ್ಟುಪರದೆಯಲ್ಲಿ ಅವು ಕೈಕೊಡುತ್ತವೆ.

ಬುಕಿಂಗ್ ಮತ್ತು ಪಾರ್ಸೆಲ್

ಟೇಬಲ್ ಕಾದಿರಿಸುವ ಫಾರ್ಮಿನಲ್ಲಿ ಹೆಸರು, ಫೋನ್, ದಿನ, ಹೊತ್ತು, ಜನ ಎಷ್ಟು ಎಂಬ ಐದನ್ನು ಬಿಟ್ಟು ಬೇರೇನನ್ನೂ ಕೇಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಪಡೆದ ಮಾಹಿತಿಯನ್ನು ಯಾತಕ್ಕೆ ಬಳಸುತ್ತೀರಿ ಎಂದು ಸ್ಪಷ್ಟವಾಗಿ ಹೇಳುವುದು ಜವಾಬ್ದಾರಿಯ ಮಾತು. ಬುಕಿಂಗಿಗೆ ಕೊಟ್ಟ ಸಂಖ್ಯೆಗೆ ಒಪ್ಪಿಗೆಯಿಲ್ಲದೆ ಜಾಹೀರಾತು ಕಳಿಸಬಾರದು. ಫಾರ್ಮಿನ ಅಕ್ಷರ 16 ಪಿಕ್ಸೆಲಿಗಿಂತ ಚಿಕ್ಕದಿದ್ದರೆ ಐಫೋನಿನ ಸಫಾರಿ ಪುಟವನ್ನು ತಾನಾಗಿಯೇ ಹಿಗ್ಗಿಸುತ್ತದೆ. ಫೋನ್ ಸಂಖ್ಯೆಯ ಜಾಗ ಮುಟ್ಟಿದಾಗ ಅಂಕಿಗಳ ಕೀಲಿಮಣೆ ಬರಬೇಕು. ಫಾರ್ಮ್ ಕಳಿಸಿದವರಿಗೆ ಟೇಬಲ್ ಖಚಿತವಾಯಿತೇ, ಇಲ್ಲಾ ನೀವು ಕರೆ ಮಾಡಿ ತಿಳಿಸಬೇಕೇ ಎಂಬುದು ಅದೇ ಪರದೆಯಲ್ಲಿ ಗೊತ್ತಾಗಬೇಕು.

ಡೆಲಿವರಿ ಆಪ್‌ಗಳ ಕೊಂಡಿ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಹತ್ತಿರದ ಗಿರಾಕಿ ತಾನೇ ಬಂದು ಪಾರ್ಸೆಲ್ ಒಯ್ಯುವುದಾದರೆ ಕಮಿಷನ್ ಉಳಿಯುತ್ತದೆ, ಆದ್ದರಿಂದ ವಾಟ್ಸ್ಆಪ್‌ನಲ್ಲಿ ಪಾರ್ಸೆಲ್ ಹೇಳುವ ಗುಂಡಿ ಮೊದಲು ಕಾಣಲಿ. ಆ ಸಂಖ್ಯೆಗೆ ಉತ್ತರಿಸಲು ಒಬ್ಬರನ್ನು ಗೊತ್ತುಮಾಡಿದ ಮೇಲೆಯೇ ಗುಂಡಿ ಇಡಿ.

ಗೂಗಲ್‌ಗೆ ತಿಳಿಸುವುದು

ಸೈಟಿನಲ್ಲಿರುವ ಹೆಸರು, ವಿಳಾಸ, ಫೋನ್, ಸಮಯ ಇವು ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲೂ ಅಕ್ಷರ ಬಿಡದೆ ಹಾಗೆಯೇ ಇರಬೇಕು. ಹಬ್ಬದ ರಜೆಗಳನ್ನು ಅಲ್ಲಿ ವಿಶೇಷ ಸಮಯವಾಗಿ ಮುಂಚೆಯೇ ಹಾಕಬಹುದು. ಪುಟದೊಳಗೆ ಸ್ಕೀಮಾ ಡಾಟ್ ಆರ್ಗ್ ಎಂಬ ಸಾಮಾನ್ಯ ಪದಪಟ್ಟಿಯ ರೆಸ್ಟೋರೆಂಟ್ ವರ್ಗದ ಮಾಹಿತಿಯನ್ನು, ಯಂತ್ರಗಳು ಓದುವ ಜೇಸನ್-ಎಲ್‌ಡಿ ರೂಪದಲ್ಲಿ ಸೇರಿಸಿ, ಎರಡು ಹೊತ್ತಿನ ಸಮಯ, ಅಡುಗೆಯ ಬಗೆ, ಮೆನುವಿನ ವಿಳಾಸ, ಬುಕಿಂಗ್ ಇದೆಯೇ ಎಂಬುದನ್ನು ತುಂಬಿದರೆ ಹುಡುಕುವ ಯಂತ್ರಕ್ಕೆ ಊಹೆಯ ಅಗತ್ಯ ಉಳಿಯುವುದಿಲ್ಲ.

ತೆರೆದ ಮೇಲೆ ಸುಧಾರಿಸುತ್ತ ಹೋಗುವುದು

ಕ್ರೋಮ್‌ನಲ್ಲಿ ಎಫ್12 ಒತ್ತಿ ಮೊಬೈಲ್ ಅಳತೆಯಲ್ಲಿ ನೋಡುವುದು ಆರಂಭಕ್ಕೆ ಸರಿ. ನಿಜವಾದ ಪರೀಕ್ಷೆಗೆ ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನೊಂದು ಬೇಕು, ವೈಫೈ ಆಫ್ ಮಾಡಿರಬೇಕು, ಹೋಟೆಲಿನ ಹೊರಗೆ ಬಿಸಿಲಲ್ಲಿ ನಿಂತಿರಬೇಕು. ಸೈಟನ್ನು ಹಿಂದೆ ನೋಡಿರದ ಒಬ್ಬರ ಕೈಗೆ ಅದನ್ನು ಕೊಟ್ಟು, ಭಾನುವಾರ ರಾತ್ರಿ ಎಂಟಕ್ಕೆ ಆರು ಜನಕ್ಕೆ ಟೇಬಲ್ ಹೇಳಿ ಎನ್ನಿ. ಬಂಗುಡೆ ಪುಳಿಮುಂಚಿಗೆ ಎಷ್ಟು ಎಂದು ನೋಡಿ ಹೇಳಿ ಎನ್ನಿ. ನೀವು ಸಹಾಯ ಮಾಡಬೇಡಿ, ಬೆರಳು ಎಲ್ಲಿ ತಡೆಯುತ್ತದೆ ಎಂಬುದನ್ನಷ್ಟೇ ಗಮನಿಸಿ. ಆಮೇಲೆ ಅದೇ ಕೆಲಸಗಳನ್ನು ಲ್ಯಾಪ್‌ಟಾಪಿನಲ್ಲಿ, ಮೌಸ್ ಬಿಟ್ಟು ಟ್ಯಾಬ್ ಕೀಲಿಯಿಂದ ಮಾತ್ರ ಮಾಡಿ ನೋಡಿ.

ತಿಂಗಳಿಗೊಮ್ಮೆ, ಸೈಟ್ ಮಾಲೀಕರಿಗೆ ಹುಡುಕಾಟದ ವಿವರ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್ ತೆರೆದು ಜನ ಯಾವ ಪದ ಹಾಕಿ ನಿಮ್ಮನ್ನು ತಲುಪಿದರು ಎಂದು ನೋಡಿ. ಮೀನೂಟದ ಬೆಲೆ ಎಂದು ಹುಡುಕಿದವರು ಹೆಚ್ಚಿದ್ದರೆ ಆ ಬೆಲೆ ಮೊದಲ ಪರದೆಗೆ ಬರಲಿ. ಗಲ್ಲಾದ ಪಕ್ಕದಲ್ಲಿ ಒಂದು ಪುಸ್ತಕ ಇಟ್ಟು, ಫೋನ್ ಮಾಡಿದವರು ಏನು ಕೇಳಿದರು ಎಂಬುದನ್ನು ಒಂದು ವಾರ ಬರೆದಿಡಲು ಹೇಳಿ. ಪಾರ್ಕಿಂಗ್ ಎಲ್ಲಿ, ಕಾರ್ಡ್ ನಡೆಯುತ್ತದೆಯೇ, ಮಕ್ಕಳಿಗೆ ಖಾರವಿಲ್ಲದ್ದು ಏನಿದೆ ಎಂದು ಮತ್ತೆ ಮತ್ತೆ ಬರುವ ಪ್ರಶ್ನೆಗಳೇ ಮುಂದಿನ ತಿಂಗಳ ಕೆಲಸದ ಪಟ್ಟಿ. ಒಂದೊಂದಕ್ಕೂ ಉತ್ತರವನ್ನು ಸೈಟಿಗೆ ಸೇರಿಸಿ, ಆ ಪ್ರಶ್ನೆಯ ಕರೆಗಳು ಕಡಿಮೆಯಾದವೇ ಎಂದು ಮರುತಿಂಗಳು ಅದೇ ಪುಸ್ತಕದಲ್ಲಿ ನೋಡಿ.